ಅವನು ನಿಜವಾಗಿ ಮುಸ್ಲಿಮನೇ?



ಮೊಬೈಲಿನ ಪರದೆಯ ಮೇಲೆ ಒಬ್ಬ ಯುವಕನೋ ಯುವತಿಯೋ ಕಾಣಿಸಿಕೊಂಡು ಸಲಾಮ್ ಹೇಳುತ್ತಾರೆ. ತಾನು ಮುಸ್ಲಿಮ್ ಎಂದು ಪರಿಚಯಿಸಿಕೊಳ್ಳುತ್ತಾರೆ. ಲಕ್ಷಾಂತರ ಜನ ಅದನ್ನು ನೋಡುತ್ತಾರೆ. ಕೆಲವೇ ಗಂಟೆಗಳಲ್ಲಿ ಕೆಳಗೆ ಪ್ರಶ್ನೆಗಳ ಸಾಲು ಬೆಳೆಯುತ್ತದೆ. ಇವನ ಹೆಸರು ನಿಜವೇ? ಇವಳ ತಲೆಯ ಮೇಲೆ ಸೆರಗು ಹೋದ ವರ್ಷ ಇತ್ತೇ? ಹಣಕ್ಕಾಗಿ ಆಡುವ ನಾಟಕವೇ? ಕಲಬುರಗಿಯ ಮುಸ್ಲಿಮ್ ಚೌಕದ ಚಹಾದಂಗಡಿಯಲ್ಲಿ ಈ ಚರ್ಚೆ ನಡೆಯುತ್ತದೆ. ಕಮಲಾಪುರದ ಬಸ್ ನಿಲ್ದಾಣದಲ್ಲಿಯೂ ನಡೆಯುತ್ತದೆ. ಊಟಕ್ಕೆ ಕುಳಿತ ಮನೆಗಳಲ್ಲಿ ಮಕ್ಕಳು ತಂದೆ ತಾಯಿಯನ್ನು ಕೇಳುತ್ತಾರೆ: ‘ಅಬ್ಬಾ, ಅವನು ನಿಜವಾಗಿ ಮುಸ್ಲಿಮನೇ?’

ಇದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಇದಕ್ಕೆ ಬಾಯಿಗೆ ಬಂದ ಉತ್ತರ ಕೊಡುವುದು ಇಹಪರಗಳೆರಡಕ್ಕೂ ಅಪಾಯಕಾರಿ ಎಂಬುದನ್ನು ನಾವು ಮರೆಯುತ್ತೇವೆ. ‘ಅಲ್ಲ’ ಎಂದರೆ ಒಬ್ಬನ ಈಮಾನಿನ ಮೇಲೆ ತೀರ್ಪು ಕೊಟ್ಟಂತಾಯಿತು. ‘ಹೌದು’ ಎಂದು ಹೇಳಿ ಅವನು ಹೇಳಿದ್ದನ್ನೆಲ್ಲ ಒಪ್ಪಿಕೊಂಡರೆ ಮಕ್ಕಳನ್ನು ಅಪರಿಚಿತನ ಕೈಗೆ ಒಪ್ಪಿಸಿದಂತಾಯಿತು. ಹಾಗಾದರೆ ದಾರಿ ಯಾವುದು?

ಒಂದು ಪ್ರಶ್ನೆಯೊಳಗೆ ಮೂರು

ನಮ್ಮ ಗೊಂದಲಕ್ಕೆ ಮುಖ್ಯ ಕಾರಣವೊಂದಿದೆ. ಮೂರು ಬೇರೆ ಬೇರೆ ಪ್ರಶ್ನೆಗಳನ್ನು ನಾವು ಒಂದೇ ಎಂದು ತಿಳಿದಿದ್ದೇವೆ.

ಮೊದಲನೆಯದು, ಈ ವ್ಯಕ್ತಿಯ ಹೃದಯದಲ್ಲಿ ಈಮಾನ್ ಇದೆಯೇ ಎಂಬುದು. ಎರಡನೆಯದು, ಈ ಹೆಸರಿನ ಹಿಂದೆ ಇರುವವನು ನಿಜವಾಗಿ ಯಾರು ಎಂಬುದು. ಮೂರನೆಯದು, ಇವನಿಂದ ನಾವು ದೀನ್ ಕಲಿಯಬಹುದೇ ಎಂಬುದು.

ಮೊದಲನೆಯದು ಅಲ್ಲಾಹನಿಗೆ ಸೇರಿದ ಪ್ರಶ್ನೆ. ಎರಡನೆಯದು ಸುದ್ದಿಯ ಸತ್ಯಾಸತ್ಯತೆಗೆ ಸಂಬಂಧಿಸಿದ್ದು. ಮೂರನೆಯದು ವಿದ್ಯೆಗೆ ಸಂಬಂಧಿಸಿದ್ದು. ಮೂರಕ್ಕೂ ನಮ್ಮ ಧರ್ಮದಲ್ಲಿ ಬೇರೆ ಬೇರೆ ನಿಯಮಗಳಿವೆ. ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚಿದಾಗಲೇ ಅನಾಹುತವಾಗುವುದು. ಒಂದೊಂದನ್ನಾಗಿ ನೋಡೋಣ.

ಮೊದಲ ಪ್ರಶ್ನೆ: ಅವನ ಈಮಾನ್ ನಿಜವೇ?

ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 94ನೆಯ ಸೂಕ್ತವನ್ನು ಗಮನಿಸಿರಿ. ಅದು ಅವತೀರ್ಣವಾದ ಸಂದರ್ಭವನ್ನು ಹ. ಇಬ್ನು ಅಬ್ಬಾಸ್(ರ) ವಿವರಿಸಿದ್ದಾರೆ. ಒಂದಿಷ್ಟು ಕುರಿಗಳನ್ನು ಮೇಯಿಸಿಕೊಂಡಿದ್ದ ಒಬ್ಬ ಮನುಷ್ಯ ಮುಸ್ಲಿಮರ ತಂಡವೊಂದಕ್ಕೆ ಎದುರಾದ. ಅವನು ಅವರಿಗೆ ಸಲಾಮ್ ಹೇಳಿದ. ಪ್ರಾಣ ಉಳಿಸಿಕೊಳ್ಳಲು ಹೀಗೆ ಹೇಳುತ್ತಿದ್ದಾನೆಂದು ಶಂಕಿಸಿದ ಅವರು ಅವನನ್ನು ಕೊಂದು ಕುರಿಗಳನ್ನು ತೆಗೆದುಕೊಂಡರು. ಆಗ ಅಲ್ಲಾಹನು, ನಿಮಗೆ ಸಲಾಮ್ ಹೇಳಿದವನನ್ನು ನೀನು ವಿಶ್ವಾಸಿಯಲ್ಲ ಎನ್ನಬೇಡಿರಿ ಎಂದು ಆದೇಶಿಸಿದನು. ನೀವೂ ಹಿಂದೆ ಹಾಗೆಯೇ ಇದ್ದಿರಿ, ಅಲ್ಲಾಹನು ನಿಮ್ಮ ಮೇಲೆ ಉಪಕಾರ ಮಾಡಿದನು ಎಂದೂ ನೆನಪಿಸಿದನು.

ಈ ಸೂಕ್ತದಲ್ಲಿ ‘ತಬಯ್ಯನೂ’ ಎಂಬ ಪದ ಎರಡು ಬಾರಿ ಬಂದಿದೆ. ಸ್ಪಷ್ಟಪಡಿಸಿಕೊಳ್ಳಿರಿ, ಪರಿಶೀಲಿಸಿರಿ ಎಂದು ಅದರ ಅರ್ಥ. ಇಲ್ಲಿ ಪರಿಶೀಲನೆಯ ಆದೇಶ ಯಾರ ಮೇಲಿದೆ ಎಂಬುದನ್ನು ನೋಡಿರಿ. ಸಲಾಮ್ ಹೇಳಿದವನು ತನ್ನ ಈಮಾನನ್ನು ರುಜುವಾತುಪಡಿಸಬೇಕೆಂದು ಹೇಳಿಲ್ಲ. ಅವನನ್ನು ತಿರಸ್ಕರಿಸಲು ಹೊರಟವನೇ ನಿಂತು ಯೋಚಿಸಬೇಕು. ನಾವು ಇಂದು ಮಾಡುತ್ತಿರುವುದು ಇದರ ತಲೆಕೆಳಗು.

ಹ. ಉಸಾಮಾ ಬಿನ್ ಝೈದ್(ರ) ಅವರ ಘಟನೆ ಇನ್ನೂ ಪ್ರಸಿದ್ಧವಾದುದು. ಜುಹೈನಾ ಬುಡಕಟ್ಟಿನ ಹುರಕಾದವರ ವಿರುದ್ಧ ನಡೆದ ಕಾಳಗದಲ್ಲಿ ಅವರೂ ಒಬ್ಬ ಅನ್ಸಾರಿ ಸಹಾಬಿಯೂ ಒಬ್ಬನನ್ನು ಬೆನ್ನಟ್ಟಿದರು. ಸಿಕ್ಕಿಬಿದ್ದ ಕೂಡಲೇ ಅವನು ಲಾ ಇಲಾಹ ಇಲ್ಲಲ್ಲಾಹ್ ಎಂದ. ಅನ್ಸಾರಿ ಕೈ ಹಿಂದೆಗೆದರು, ಉಸಾಮಾ ಕೊಂದರು. ಪ್ರವಾದಿ(ಸ)ರಿಗೆ ಈ ಸುದ್ದಿ ತಲಪಿದಾಗ ಅವರು ಬಹಳವಾಗಿ ನೊಂದುಕೊಂಡರು. ಅವನು ಆಯುಧಕ್ಕೆ ಹೆದರಿ ಹಾಗೆ ಹೇಳಿದ್ದೆಂದು ಉಸಾಮಾ ಕಾರಣ ಕೊಟ್ಟರು. ಹಾಗಾದರೆ ಅವನ ಹೃದಯವನ್ನು ಸೀಳಿ ನೋಡಿದೆಯಾ ಎಂದು ಪ್ರವಾದಿ(ಸ)ರು ಕೇಳಿದರು. ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. ತಾನು ಆ ದಿನವೇ ಇಸ್ಲಾಮ್ ಸ್ವೀಕರಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಉಸಾಮಾ ಹಂಬಲಿಸುವಷ್ಟು ಅದು ಅವರನ್ನು ತಟ್ಟಿತು. ಇದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ.

ಯೋಚಿಸಿ ನೋಡಿರಿ. ಉಸಾಮಾರ ಶಂಕೆಗೆ ಕಾರಣವಿತ್ತು. ರಣರಂಗ, ಎದುರಾಳಿ, ತಲೆಯ ಮೇಲೆ ಎತ್ತಿದ ಆಯುಧ. ಆದರೂ ಆ ಶಂಕೆ ಸ್ವೀಕೃತವಾಗಲಿಲ್ಲ. ಹಾಸಿಗೆಯ ಮೇಲೆ ಒರಗಿಕೊಂಡು, ಕಂಡೂ ಅರಿಯದ ವ್ಯಕ್ತಿಯ ವಿಡಿಯೋದ ಕೆಳಗೆ ‘ಇದೆಲ್ಲ ನಾಟಕ’ ಎಂದು ಬರೆಯುವ ನಮಗೆ ಯಾವ ಆಧಾರವಿದೆ?

2023ರ ಜನವರಿಯಲ್ಲಿ ಮುಂಬೈಯ ನಟಿ ರಾಖಿ ಸಾವಂತ್ ಅವರು ಮೈಸೂರಿನ ಯುವಕನೊಂದಿಗೆ ತಮ್ಮ ನಿಕಾಹ್ ನಡೆದಿರುವುದನ್ನು ಬಹಿರಂಗಪಡಿಸಿದರು. ಫಾತಿಮಾ ಎಂಬ ಹೆಸರು ಆಗ ಬೆಳಕಿಗೆ ಬಂತು. ಅದೇ ವರ್ಷದ ಆಗಸ್ಟಿನಲ್ಲಿ ಅವರು ಉಮ್ರಾ ಯಾತ್ರೆ ಕೈಗೊಂಡರು. ಮರಳಿ ಬಂದಾಗ ತನ್ನನ್ನು ಫಾತಿಮಾ ಎಂದು ಕರೆಯಿರೆಂದು ಕೇಳಿಕೊಂಡರು. ನಮ್ಮ ರಾಜ್ಯದ ಹೆಸರೂ ಅದರಲ್ಲಿ ಸೇರಿದ್ದರಿಂದ ಇಲ್ಲಿ ಅದು ಮನೆಮನೆಯ ಮಾತಾಯಿತು. ಪ್ರಚಾರದ ತಂತ್ರ ಎಂದವರು ಎಷ್ಟೋ ಮಂದಿ. ಕ್ಯಾಮೆರಾದ ಮುಂದೆ ಬದುಕುವ ಒಬ್ಬ ಕಲಾವಿದೆಯ ನಡೆನುಡಿಯ ಬಗ್ಗೆ ನಮಗೆ ಅಭಿಪ್ರಾಯವಿರಬಹುದು. ಆದರೆ ಕಾಬಾದ ಮುಂದೆ ಒಬ್ಬಾಕೆ ಕೈಯೆತ್ತಿ ಅತ್ತಾಗ ಆ ಕಣ್ಣೀರು ನಿಜವೋ ಸುಳ್ಳೋ ಎಂದು ತೂಗುವ ತಕ್ಕಡಿ ನಮಗೆ ಯಾರು ಕೊಟ್ಟರು? ಆಕೆ ಹೇಳಿದ್ದು ನಿಜವಾಗಿದ್ದರೆ, ಅಪಹಾಸ್ಯ ಮಾಡಿದ ಒಬ್ಬೊಬ್ಬನೂ ಅಲ್ಲಾಹನ ಮುಂದೆ ಉತ್ತರ ಹೇಳಬೇಕಾಗುತ್ತದೆ. ನಿಜವಲ್ಲದಿದ್ದರೆ ಅದರ ಲೆಕ್ಕ ಆಕೆಯದು. ಎರಡರಲ್ಲಿಯೂ ನಮಗೆ ಬರುವ ಲಾಭ ಏನೂ ಇಲ್ಲ.

ತನ್ನ ಸಹೋದರನನ್ನು ಕಾಫಿರ್ ಎಂದು ಕರೆದರೆ ಆ ಮಾತು ಇಬ್ಬರಲ್ಲಿ ಒಬ್ಬನಿಗೆ ತಗಲಿಯೇ ತೀರುತ್ತದೆ ಎಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಅವನು ಹಾಗಿಲ್ಲದಿದ್ದರೆ ಅದು ಹೇಳಿದವನಿಗೇ ಹಿಂದಿರುಗುತ್ತದೆ. ಇದು ಎಷ್ಟು ಭಯಂಕರವಾದ ಮಾತು! ಹತ್ತು ಬೆರಳುಗಳಿಂದ ಕ್ಷಣಾರ್ಧದಲ್ಲಿ ಬರೆದದ್ದು ನಮ್ಮ ಇಡೀ ಆಯುಷ್ಯದ ನಮಾಝ್ ರೋಝಾಗಳನ್ನು ಪಣಕ್ಕಿಡುತ್ತದೆ.

ಕಮಲಾಪುರ ಹೆದ್ದಾರಿಯ ಮೇಲಿನ ಊರು. ಕಲಬುರಗಿಯಿಂದ ಹುಮನಾಬಾದಿಗೆ, ಬೀದರಿಗೆ ಹೋಗುವ ಲಾರಿಯವರು, ಪ್ರಯಾಣಿಕರು ನಮಾಝಿನ ವೇಳೆಗೆ ದಾರಿಯ ಮಸೀದಿಗಳಲ್ಲಿ ಇಳಿಯುತ್ತಾರೆ. ಸಾಲಿನಲ್ಲಿ ಬಂದು ನಿಂತವನ ಊರನ್ನು ನಾವು ಕೇಳುವುದಿಲ್ಲ, ಸ್ವಲ್ಪ ಸರಿದು ಜಾಗ ಕೊಡುತ್ತೇವೆ. ಅವನ ಹಳೆಯ ಫೋಟೋ ತೋರಿಸೆಂದು ಯಾರೂ ಹೇಳುವುದಿಲ್ಲ. ಇದು ನಮಗೆ ತಲತಲಾಂತರದಿಂದ ಬಂದ ಶಿಷ್ಟಾಚಾರ. ಮಸೀದಿಯಲ್ಲಿ ಇದನ್ನು ಪಾಲಿಸುವ ನಾವೇ ಮೊಬೈಲು ಕೈಗೆ ಬಂದೊಡನೆ ಬಾಗಿಲು ಕಾಯುವ ದಾರೋಗನಾಗುತ್ತೇವೆ.

ನಮ್ಮ ಪ್ರದೇಶದಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. ಹಳ್ಳಿಗಳಲ್ಲಿ ಲಾಲೇಸಾಬ್, ಮೌಲಾಸಾಬ್, ಬುಡೇನ್‌ಸಾಬ್ ಎಂಬ ಹೆಸರುಗಳಿವೆ. ನದಾಫ್, ಪಿಂಜಾರರ ಹಲವು ಮನೆಗಳಲ್ಲಿ ಕನ್ನಡವೇ ಮನೆಮಾತು. ಇಂತಹ ಮನೆಯ ಹುಡುಗನೊಬ್ಬ ಅಚ್ಚ ಕನ್ನಡದಲ್ಲಿ ದೀನಿನ ಬಗ್ಗೆ ನಾಲ್ಕು ಮಾತು ಆಡಿದರೆ, ‘ಉರ್ದು ಬಾರದವನು ಎಂಥ ಮುಸ್ಲಿಮ್’ ಎಂದು ಪಟ್ಟಣದ ನಮ್ಮವರೇ ನಗುತ್ತಾರೆ. ಕನ್ನಡ ಓದಿದ ಮೌಲವಿ ಎಂದಾಗ ಹುಬ್ಬೇರಿಸಿದವರನ್ನು ಈ ಲೇಖಕನೂ ಕಂಡಿದ್ದಾನೆ. ಈಮಾನಿಗೆ ಭಾಷೆಯಿಲ್ಲ. ಸಲ್ಮಾನ್(ರ) ಪಾರ್ಸಿಯವರು, ಬಿಲಾಲ್(ರ) ಹಬಶದವರು, ಸುಹೈಬ್(ರ)ರನ್ನು ರೋಮಿನವರೆಂದೇ ಕರೆಯುತ್ತಿದ್ದರು. ಹೆಸರು, ಉಚ್ಚಾರ, ಉಡುಪುಗಳನ್ನು ನೋಡಿ ಈಮಾನನ್ನು ಅಳೆಯುವುದು ಶರೀಅತ್ ಕಲಿಸಿದ ಅಳತೆಯಲ್ಲ.

ಎರಡು ಆಕ್ಷೇಪಗಳು

ಇಲ್ಲಿ ತಿಳಿದವರು ಎರಡು ಆಕ್ಷೇಪಗಳನ್ನು ಎತ್ತಬಹುದು.

ಅಲ್ ಹುಜುರಾತ್ ಅಧ್ಯಾಯದ 14ನೆಯ ಸೂಕ್ತದಲ್ಲಿ, ತಾವು ವಿಶ್ವಾಸವಿರಿಸಿದ್ದೇವೆಂದ ಗ್ರಾಮೀಣ ಅರಬರಿಗೆ ಈಮಾನ್ ಇನ್ನೂ ನಿಮ್ಮ ಹೃದಯಗಳನ್ನು ಪ್ರವೇಶಿಸಿಲ್ಲ ಎಂದು ಹೇಳಲಾಗಿದೆಯಲ್ಲವೇ? ಹೌದು. ಆದರೆ ಅದನ್ನು ಹೇಳಿದವನು ಹೃದಯಗಳ ಒಡೆಯನಾದ ಅಲ್ಲಾಹನು. ಹಾಗೆ ಹೇಳಿದ ಮೇಲೂ ಅವರನ್ನು ಸಮುದಾಯದಿಂದ ಹೊರಗಟ್ಟಲಿಲ್ಲ. ತಾವು ಶರಣಾಗಿದ್ದೇವೆಂದು ಹೇಳಿಕೊಳ್ಳಲು ಅವರಿಗೆ ಅನುಮತಿಯಿತ್ತು. ಆಜ್ಞಾಪಾಲನೆ ಮಾಡಿದರೆ ಅವರ ಕರ್ಮಗಳಲ್ಲಿ ಕಡಿತವಾಗದೆಂಬ ಭರವಸೆಯನ್ನು ಅದೇ ಸೂಕ್ತ ನೀಡಿದೆ.

ಎರಡನೆಯ ಆಕ್ಷೇಪ ಅಲ್ ಮುಮ್ತಹಿನಾ ಅಧ್ಯಾಯದ 10ನೆಯ ಸೂಕ್ತದ್ದು. ವಲಸೆ ಬಂದ ವಿಶ್ವಾಸಿನಿಯರನ್ನು ಪರೀಕ್ಷಿಸಿರಿ ಎಂಬ ಆದೇಶ ಅಲ್ಲಿದೆ. ಇದು ಹುದೈಬಿಯಾ ಒಪ್ಪಂದದ ಸಂದರ್ಭ. ಅವರನ್ನು ಹಿಂದೆ ಕಳುಹಿಸಬೇಕೇ ಬೇಡವೇ ಎಂಬ ತೀರ್ಮಾನವನ್ನು ಜವಾಬ್ದಾರರು ಮಾಡಲೇಬೇಕಿತ್ತು. ಆ ಪರೀಕ್ಷೆಯಾದರೂ ಹೇಗಿತ್ತು? ಗಂಡನ ಮೇಲಿನ ಸಿಟ್ಟಿನಿಂದಲೋ ಐಹಿಕ ಲಾಭಕ್ಕಾಗಿಯೋ ಬಂದುದಲ್ಲ, ಅಲ್ಲಾಹ್ ಮತ್ತು ಅವನ ಸಂದೇಶವಾಹಕರ ಪ್ರೀತಿಯಿಂದ ಬಂದುದು ಎಂದು ಆಕೆ ಪ್ರಮಾಣ ಮಾಡಿ ಹೇಳಿದರೆ ಅಷ್ಟೇ ಸಾಕಾಗಿತ್ತೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಪರೀಕ್ಷಿಸಿರಿ ಎಂದ ಕೂಡಲೇ, ಅವರ ಈಮಾನನ್ನು ಚೆನ್ನಾಗಿ ಬಲ್ಲವನು ಅಲ್ಲಾಹನು ಎಂಬ ಮಾತೂ ಸೂಕ್ತದಲ್ಲಿ ಬಂದಿದೆ. ಅಂದರೆ ವಿಚಾರಣೆ ಜವಾಬ್ದಾರರದು, ಅದರ ಮಿತಿ ಬಾಯಿಮಾತು. ದಾರಿಹೋಕರ ಗುಂಪಿಗೆ ಇದರಿಂದ ಯಾವ ಅಧಿಕಾರವೂ ದೊರೆಯುವುದಿಲ್ಲ.

ಎರಡನೆಯ ಪ್ರಶ್ನೆ: ಈ ಹೆಸರಿನ ಹಿಂದೆ ಇರುವವನು ಯಾರು?

ಹೃದಯವನ್ನು ನೋಡಬಾರದೆಂದರೆ ಕಣ್ಣು ಮುಚ್ಚಿಕೊಂಡಿರಬೇಕೆಂದು ಅರ್ಥವಲ್ಲ. ಇಂದು ಯಾರು ಬೇಕಾದರೂ ಯಾವ ಹೆಸರನ್ನೂ ಹಾಕಿಕೊಂಡು ಖಾತೆ ತೆರೆಯಬಹುದು. ಒಂದು ಸಮುದಾಯದ ಮೇಲೆ ದ್ವೇಷ ಹುಟ್ಟಿಸಲು ಅದೇ ಸಮುದಾಯದ ಹೆಸರನ್ನು ಕದಿಯುವ ಕೃತ್ಯಗಳು ನಮ್ಮ ರಾಜ್ಯದಲ್ಲಿಯೇ ಬೆಳಕಿಗೆ ಬಂದಿವೆ.

2022ರ ಜನವರಿ 1ರಂದು ನೂರಕ್ಕೂ ಹೆಚ್ಚು ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಹರಾಜಿಗಿಟ್ಟಂತೆ ತೋರಿಸಿದ ‘ಬುಲ್ಲಿ ಬಾಯಿ’ ಎಂಬ ನೀಚ ಆ್ಯಪ್ ಪ್ರಕಟವಾಯಿತು. ಮುಂಬೈ ಪೊಲೀಸರು ಮೊದಲು ಹಿಡಿದವರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಯಿದ್ದ. ಅದನ್ನು ಹರಡಿದ ಖಾತೆಗಳಿಗೆ ಸಿಖ್ಖರ ಹೆಸರುಗಳನ್ನು ಇಡಲಾಗಿತ್ತು. ಸಿಖ್ಖರೇ ಇದನ್ನು ಮಾಡಿದ್ದಾರೆಂಬ ಭಾವನೆ ಬರಿಸಲು ಹೀಗೆ ಮಾಡಲಾಗಿದೆ ಎಂದು ಪೊಲೀಸರು ಹೇಳಿದರು. ಆ ಹೆಸರುಗಳನ್ನು ನಂಬಿ ನಾವು ಸಿಖ್ ಸಹೋದರರ ಮೇಲೆ ಹರಿಹಾಯ್ದಿದ್ದರೆ ಏನಾಗುತ್ತಿತ್ತು?

ಅದೇ 2022ರಲ್ಲಿ ಕೊಡಗಿನಲ್ಲಿ ಮುಸ್ಲಿಮ್ ಹೆಸರಿನ ಖಾತೆಯೊಂದರಿಂದ ಕೊಡವ ಮಹಿಳೆಯರನ್ನೂ ಅವರು ಪೂಜಿಸುವ ಕಾವೇರಿಯನ್ನೂ ನಿಂದಿಸುವ ಬರಹ ಹೊರಬಿತ್ತು. ಜಿಲ್ಲೆಯಲ್ಲಿ ಆಕ್ರೋಶ ಹೊತ್ತಿಕೊಂಡಿತು. ಪೊಲೀಸರು ತನಿಖೆ ಮಾಡಿ ಬಂಧಿಸಿದ್ದು ಮುಸ್ಲಿಮ್ ಹೆಸರನ್ನು ಬಳಸಿಕೊಂಡ ಆರೋಪದ ಮೇಲೆ ಬೇರೆ ಸಮುದಾಯದ ಒಬ್ಬ ಯುವಕನನ್ನು.

ಇಂತಹ ಸಂದರ್ಭಕ್ಕೆ ಅಲ್ ಹುಜುರಾತ್ ಅಧ್ಯಾಯದ 6ನೆಯ ಸೂಕ್ತ ನಮಗೆ ದಾರಿ ತೋರಿಸುತ್ತದೆ. ನಂಬಿಕೆಗೆ ಅರ್ಹನಲ್ಲದವನು ಸುದ್ದಿ ತಂದರೆ ಅದನ್ನು ಪರಿಶೀಲಿಸಬೇಕು, ಅರಿಯದೆ ಒಂದು ಜನತೆಗೆ ಹಾನಿ ಮಾಡಿ ಆ ಮೇಲೆ ಪಶ್ಚಾತ್ತಾಪಪಡುವಂತಾಗಬಾರದು. ಇಲ್ಲಿಯೂ ಬಂದಿರುವುದು ‘ತಬಯ್ಯನೂ’ ಎಂಬ ಅದೇ ಪದ. ಮೊದಲ ಸೂಕ್ತದಲ್ಲಿ ಒಬ್ಬ ಮನುಷ್ಯನನ್ನು ತಿರಸ್ಕರಿಸುವ ಮುನ್ನ ಪರಿಶೀಲನೆ, ಇಲ್ಲಿ ಒಂದು ಸುದ್ದಿಯನ್ನು ಸ್ವೀಕರಿಸುವ ಮುನ್ನ ಪರಿಶೀಲನೆ. ಎರಡರ ಗುರಿಯೂ ಒಂದೇ, ನಿರಪರಾಧಿಗೆ ಹಾನಿಯಾಗಬಾರದು.

ಪರಿಶೀಲಿಸದ ಸುದ್ದಿ ಎಲ್ಲಿಗೆ ಮುಟ್ಟುತ್ತದೆಂಬುದನ್ನು ನಾವು ದೂರದಿಂದ ಕಲಿಯಬೇಕಾಗಿಲ್ಲ. ಕಮಲಾಪುರದ ಮುಂದೆ ಇದೇ ಹೆದ್ದಾರಿ ಸಾಗುವ ಬೀದರ್ ಜಿಲ್ಲೆಯಲ್ಲಿ 2018ರ ಜುಲೈ 13ರಂದು ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಹಂದಿಕೇರಾದಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿ ವಾಟ್ಸ್‌ಆ್ಯಪಿನಲ್ಲಿ ಅವರ ಕಾರಿಗಿಂತ ವೇಗವಾಗಿ ಓಡಿತು. ಮುರ್ಕಿ ಗ್ರಾಮದಲ್ಲಿ ಅಡ್ಡಗಟ್ಟಿದ ಗುಂಪು ಅವರನ್ನು ಹೊಡೆಯಿತು, ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಪ್ರಾಣ ಕಳೆದುಕೊಂಡರು. ಆ ಸುದ್ದಿಯನ್ನು ಮುಂದಕ್ಕೆ ಕಳುಹಿಸಿದವರಲ್ಲಿ ಎಷ್ಟೋ ಜನ ಮಕ್ಕಳನ್ನು ರಕ್ಷಿಸುತ್ತಿದ್ದೇವೆಂದೇ ಭಾವಿಸಿದ್ದಿರಬೇಕು. ಸದುದ್ದೇಶ ಅವರ ಕೈಯಿಂದಾದ ಅನ್ಯಾಯವನ್ನು ಅಳಿಸಲಿಲ್ಲ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬ ಮನುಷ್ಯನು ಸುಳ್ಳುಗಾರನೆನಿಸಲು ಸಾಕು ಎಂದು ಪ್ರವಾದಿ(ಸ)ರು ಹೇಳಿದ್ದು ಇದಕ್ಕಾಗಿಯೇ.

ನಮ್ಮ ಕಮಲಾಪುರದ ಕೆಂಪು ಬಾಳೆಹಣ್ಣನ್ನು ನೀವು ಬಲ್ಲಿರಿ. ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಬೇರೆ ಕಡೆಯ ಹಣ್ಣನ್ನು ಆ ಹೆಸರಿನಲ್ಲಿ ಮಾರಿ ಇಲ್ಲಿಯ ರೈತನ ಹೆಸರು ಕೆಡಿಸಬಾರದೆಂಬುದು ಅದರ ಉದ್ದೇಶ. ಬಾಳೆಹಣ್ಣಿನ ಹೆಸರಿಗೇ ಇಷ್ಟು ರಕ್ಷಣೆಯಿರುವಾಗ, ಒಂದು ಸಮುದಾಯದ ಹೆಸರಿನಲ್ಲಿ ಬಂದ ಮಾತು ಎಲ್ಲಿಂದ ಬಂತೆಂದು ನೋಡುವುದು ತಪ್ಪಲ್ಲ, ಅದು ಕರ್ತವ್ಯ.

ಆದರೆ ನೋಡುವ ಕ್ರಮವಿದೆ. ಅಂತಹ ಬರಹವನ್ನು ಕಂಡರೆ ಖಂಡಿಸುವ ನೆಪದಲ್ಲಿಯೂ ಹಂಚಬೇಡಿರಿ. ಹಂಚಿದಷ್ಟೂ ಅದನ್ನು ಮಾಡಿದವನ ಉದ್ದೇಶ ಈಡೇರುತ್ತದೆ. ಖಾತೆಯ ಹೆಸರು, ದಿನಾಂಕ ಕಾಣುವಂತೆ ಚಿತ್ರ ತೆಗೆದಿಟ್ಟುಕೊಳ್ಳಿರಿ. ಊರಿನ ಹಿರಿಯರ ಗಮನಕ್ಕೆ ತಂದು, ಪೊಲೀಸ್ ಠಾಣೆಗೋ ಸರಕಾರದ ಸೈಬರ್ ಅಪರಾಧ ಪೋರ್ಟಲಿಗೋ ದೂರು ಕೊಡಿರಿ. ಯಾರದೋ ಮನೆಯ ವಿಳಾಸ, ಫೋಟೋಗಳನ್ನು ಹುಡುಕಿ ‘ಇವನೇ ಅವನು’ ಎಂದು ಪ್ರಕಟಿಸಬೇಡಿರಿ. ಹೆಸರಿನ ಸಾಮ್ಯದಿಂದ ಮತ್ತೊಬ್ಬ ಅಮಾಯಕ ಸಿಕ್ಕಿಬೀಳಬಹುದು. ಕೊನೆಗೆ ಅಪರಾಧಿ ಬೇರೆ ಧರ್ಮದವನೆಂದು ತಿಳಿದರೂ ಅವನ ಇಡೀ ಸಮುದಾಯವನ್ನು ದೂಷಿಸಲು ನಮಗೆ ಅನುಮತಿಯಿಲ್ಲ. ಒಂದು ಜನಾಂಗದ ಮೇಲಿನ ಹಗೆತನ ನಿಮ್ಮನ್ನು ನ್ಯಾಯದಿಂದ ದೂರ ಸರಿಸದಿರಲಿ ಎಂಬುದು ಅಲ್ ಮಾಇದಾ ಅಧ್ಯಾಯದ 8ನೆಯ ಸೂಕ್ತದ ಆದೇಶವಾಗಿದೆ. ನಮ್ಮ ವಿಷಯದಲ್ಲಿ ಯಾವ ನ್ಯಾಯವನ್ನು ಬಯಸುತ್ತೇವೆಯೋ ಅದನ್ನೇ ಅವರಿಗೂ ಕೊಡಬೇಕು.

ಮೂರನೆಯ ಪ್ರಶ್ನೆ: ಇವನಿಂದ ದೀನ್ ಕಲಿಯಬಹುದೇ?

ತಂದೆ ತಾಯಿಯರು ನಿಜವಾಗಿ ಎಚ್ಚರವಹಿಸಬೇಕಾದುದು ಇಲ್ಲಿ. ಒಬ್ಬನು ಕಲಿಮಾ ಹೇಳಿದ ಕೂಡಲೇ ನಮ್ಮ ಸಹೋದರನಾಗುತ್ತಾನೆ. ಅಷ್ಟರಿಂದಲೇ ನಮ್ಮ ಉಸ್ತಾದನಾಗುವುದಿಲ್ಲ.

ಮಾಜಿ ಕಿಕ್‌ಬಾಕ್ಸರ್ ಆ್ಯಂಡ್ರ್ಯೂ ಟೇಟ್ 2022ರ ಅಕ್ಟೋಬರಿನಲ್ಲಿ ತಾನು ಇಸ್ಲಾಮ್ ಸ್ವೀಕರಿಸಿದ್ದೇನೆಂದು ಪ್ರಕಟಿಸಿದ. ಜಗತ್ತಿನಾದ್ಯಂತ ಹದಿಹರೆಯದ ಹುಡುಗರು ಅವನ ವಿಡಿಯೋಗಳಿಗೆ ಮುಗಿಬೀಳುತ್ತಿದ್ದ ಕಾಲವದು. ಕೆಲವರು ಅದನ್ನು ದೀನಿನ ದೊಡ್ಡ ಜಯವೆಂದು ಸಂಭ್ರಮಿಸಿದರು, ಕೆಲವರು ಅದು ಜನಪ್ರಿಯತೆಯ ಆಟವೆಂದು ಜರೆದರು. ಅದೇ ವರ್ಷದ ಡಿಸೆಂಬರಿನಲ್ಲಿ ರುಮೇನಿಯಾದ ಪೊಲೀಸರು ಅವನನ್ನು ಬಂಧಿಸಿದರು. 2023ರ ಜೂನಿನಲ್ಲಿ ಅತ್ಯಾಚಾರ, ಮಾನವ ಕಳ್ಳಸಾಗಣೆಯ ಆರೋಪಗಳನ್ನು ಹೊರಿಸಲಾಯಿತು. ಅವನು ಅವುಗಳನ್ನು ನಿರಾಕರಿಸಿದ್ದಾನೆ. ಆರೋಪಗಳ ತೀರ್ಮಾನ ನ್ಯಾಯಾಲಯದ್ದು. ಅವನ ಈಮಾನಿನ ತೀರ್ಮಾನ ಅಲ್ಲಾಹನದು. ಆದರೆ ಹೆಂಗಸರನ್ನು ಕೀಳಾಗಿ ಕಾಣುವ, ಹಣ ಮತ್ತು ಕಾರುಗಳ ಮೆರೆದಾಟವನ್ನೇ ಗಂಡಸುತನವೆಂದು ಬೋಧಿಸುವ ಅವನ ಮಾತುಗಳು ಎಲ್ಲರ ಕಣ್ಣ ಮುಂದೆ ಇವೆ. ನಿಮ್ಮಲ್ಲಿ ಉತ್ತಮನು ತನ್ನ ಮನೆಯವರೊಂದಿಗೆ ಉತ್ತಮನಾಗಿರುವವನು ಎಂದು ಕಲಿಸಿದ ಪ್ರವಾದಿ(ಸ)ರ ಸಮುದಾಯ ಆ ಮಾತುಗಳನ್ನು ತೂಗಿ ಬದಿಗಿಡಲು ಅವನ ಹೃದಯವನ್ನು ಸೀಳಬೇಕಾಗಿಲ್ಲ.

ಹ. ಉಮರ್(ರ) ಅವರ ಒಂದು ಮಾತನ್ನು ಬುಖಾರಿ ವರದಿ ಮಾಡಿದ್ದಾರೆ. ಅದರ ಸಾರಾಂಶ ಹೀಗಿದೆ: ಪ್ರವಾದಿಯವರ ಕಾಲದಲ್ಲಿ ದಿವ್ಯವಾಣಿಯಿಂದ ಜನರ ಒಳಗು ತಿಳಿಯುತ್ತಿತ್ತು, ಈಗ ದಿವ್ಯವಾಣಿ ನಿಂತಿದೆ. ಇನ್ನು ಹೊರಗೆ ಕಾಣುವ ಕರ್ಮಗಳ ಮೇಲೆ ಮಾತ್ರ ನಮ್ಮ ವ್ಯವಹಾರ. ಒಳಿತನ್ನು ತೋರಿದವನನ್ನು ನಂಬಿ ಹತ್ತಿರ ಮಾಡುತ್ತೇವೆ, ಅವನ ಅಂತರಂಗ ನಮಗೆ ಸೇರಿದ್ದಲ್ಲ. ಕೆಡುಕನ್ನು ತೋರಿದವನು ತನ್ನ ಅಂತರಂಗ ಒಳ್ಳೆಯದೆಂದರೂ ಅವನನ್ನು ನಂಬುವುದಿಲ್ಲ. ನಮ್ಮ ಮೊದಲ ಪ್ರಶ್ನೆಗೂ ಮೂರನೆಯ ಪ್ರಶ್ನೆಗೂ ಈ ಒಂದೇ ಮಾತಿನಲ್ಲಿ ಉತ್ತರವಿದೆ.

ತಾಬಿಈ ವಿದ್ವಾಂಸರಾದ ಇಬ್ನು ಸೀರೀನ್ ಅವರು, ಈ ವಿದ್ಯೆಯೇ ದೀನ್, ಆದುದರಿಂದ ಅದನ್ನು ಯಾರಿಂದ ಪಡೆಯುತ್ತೀರೆಂದು ನೋಡಿಕೊಳ್ಳಿರೆಂದು ಬುದ್ಧಿ ಹೇಳಿದ್ದರು. ಹದೀಸ್ ವಿದ್ವಾಂಸರು ವರದಿಗಾರರ ಜೀವನವನ್ನು ಶೋಧಿಸಿ ಒಂದು ಶಾಸ್ತ್ರವನ್ನೇ ಕಟ್ಟಿದರು. ಅವರು ಕೇಳಿದ ಪ್ರಶ್ನೆಗಳು, ಇವನು ಸತ್ಯ ನುಡಿಯುವವನೇ, ಜ್ಞಾಪಕಶಕ್ತಿ ಹೇಗಿದೆ, ಯಾರಿಂದ ಕೇಳಿದ್ದಾನೆ ಎಂಬಂತಹವು. ಒಬ್ಬನ ವರದಿ ದುರ್ಬಲವೆಂದು ಬರೆದಿಟ್ಟರೂ ಅಷ್ಟಕ್ಕೇ ಅವನನ್ನು ಇಸ್ಲಾಮಿನಿಂದ ಹೊರಗೆ ಹಾಕಲಿಲ್ಲ.

ನಿಮ್ಮ ಮಗ ಯಾರದೋ ಪ್ರವಚನವನ್ನು ದಿನವೂ ಕೇಳುತ್ತಿದ್ದರೆ ಅವನೊಂದಿಗೆ ಕುಳಿತು ಇವೇ ಪ್ರಶ್ನೆಗಳನ್ನು ಕೇಳಿರಿ. ಇವರು ಎಲ್ಲಿ, ಯಾರ ಬಳಿ ಓದಿದವರು? ಹೇಳಿದ ಮಾತಿಗೆ ಆಧಾರ ಕೊಡುತ್ತಾರೆಯೇ? ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುತ್ತಾರೆಯೇ? ಇವರನ್ನು ಕೇಳಿದ ಮೇಲೆ ನಿನ್ನ ನಮಾಝ್ ಹೆಚ್ಚಿತೇ, ಇತರರ ಮೇಲಿನ ತಾತ್ಸಾರ ಹೆಚ್ಚಿತೇ? ಹುಡುಗ ಕೊಡುವ ಉತ್ತರದಲ್ಲೇ ನಿಮಗೆ ದಾರಿ ಸಿಗುತ್ತದೆ. ಗದರಿಸಿ ಮೊಬೈಲ್ ಕಸಿದುಕೊಂಡರೆ ಅವನು ನಿಮ್ಮನ್ನು ಕೇಳುವುದನ್ನು ಬಿಡುತ್ತಾನೆ, ಅವರನ್ನು ಬಿಡುವುದಿಲ್ಲ.

ವಿವಾಹದ ವಿಷಯದಲ್ಲಿ

ಒಂದು ಸಂದರ್ಭದಲ್ಲಿ ಮಾತ್ರ ವಿಚಾರಣೆ ಅನಿವಾರ್ಯ. ಇಂದು ಪರದೆಯ ಮೇಲಿನ ಪರಿಚಯಗಳು ನಿಕಾಹಿನ ಮಾತಿನವರೆಗೂ ಬರುತ್ತಿವೆ. ಹೆಣ್ಣು ಮಗಳ ಬಾಳು ಅದರಲ್ಲಿದೆ. ಇಲ್ಲಿ ಹುಡುಗನ ಹೆಸರು, ಊರು, ಉದ್ಯೋಗ, ಹಿಂದಿನ ವಿವಾಹ, ನಡತೆ ಎಲ್ಲವನ್ನೂ ವಿಚಾರಿಸುವುದು ಹೆತ್ತವರ ಹಕ್ಕು. ಅವನ ಊರಿನ ಜಮಾಅತಿನವರನ್ನು, ನೆರೆಹೊರೆಯವರನ್ನು ನೇರವಾಗಿ ಕಂಡು ಕೇಳಬೇಕು. ಫಾತಿಮಾ ಬಿಂತಿ ಕೈಸ್(ರ) ತಮಗೆ ಬಂದ ಎರಡು ಸಂಬಂಧಗಳ ಬಗ್ಗೆ ಸಲಹೆ ಕೇಳಿದಾಗ ಪ್ರವಾದಿ(ಸ)ರು ಇಬ್ಬರ ಕುಂದುಗಳನ್ನೂ ಮುಚ್ಚಿಡದೆ ತಿಳಿಸಿದರು. ಒಬ್ಬರು ಬಡವರು, ಮತ್ತೊಬ್ಬರು ಹೆಂಗಸರೊಡನೆ ಕಠಿಣರು. ಬಳಿಕ ಉಸಾಮಾ(ರ)ರನ್ನು ವಿವಾಹವಾಗುವಂತೆ ಸಲಹೆ ನೀಡಿದರು. ಕೇಳಿದವರಿಗೆ, ಅಗತ್ಯವಿದ್ದಷ್ಟು, ಸತ್ಯವಾಗಿ ಹೇಳುವುದು ಗೀಬತ್ ಅಲ್ಲ. ಅದೇ ಮಾತನ್ನು ಊರಿಗೆಲ್ಲ ಸಾರಿದರೆ ಗೀಬತ್ ಆಗುತ್ತದೆ, ಸುಳ್ಳಾಗಿದ್ದರೆ ಅಪವಾದವಾಗುತ್ತದೆ.

ಶಂಕೆಯನ್ನು ಎಲ್ಲಿಡಬೇಕು?

ಪ್ರವಾದಿ(ಸ)ರು ಕೆಲವು ಕಪಟವಿಶ್ವಾಸಿಗಳ ಹೆಸರುಗಳನ್ನು ಹ. ಹುದೈಫಾ(ರ) ಅವರಿಗೆ ಗುಟ್ಟಾಗಿ ತಿಳಿಸಿದ್ದರು. ಹುದೈಫಾ ಅದನ್ನು ಬಯಲು ಮಾಡಲಿಲ್ಲ. ಪಟ್ಟಿ ಕೈಯಲ್ಲಿದ್ದವರೇ ಮೌನವಾಗಿದ್ದರು, ಪಟ್ಟಿಯಿಲ್ಲದ ನಾವು ದಿನಕ್ಕೊಂದು ಹೆಸರು ಕೂಗುತ್ತಿದ್ದೇವೆ. ಅಷ್ಟು ದೊಡ್ಡ ಖಲೀಫರಾದ ಉಮರ್(ರ) ಅವರನ್ನು ಕಾಡಿದ ಪ್ರಶ್ನೆ ಯಾವುದು ಗೊತ್ತೇ? ಆ ಪಟ್ಟಿಯಲ್ಲಿ ಯಾರಿದ್ದಾರೆಂದಲ್ಲ, ತನ್ನ ಹೆಸರಿದೆಯೇ ಎಂದು ಅವರು ಹುದೈಫಾರನ್ನು ಕೇಳಿದರು. ತಾನು ಕಂಡ ಮೂವತ್ತು ಸಹಾಬಿಗಳಲ್ಲಿ ಪ್ರತಿಯೊಬ್ಬರೂ ತಮ್ಮ ವಿಷಯದಲ್ಲಿ ಕಪಟದ ಭಯಪಡುತ್ತಿದ್ದರೆಂದು ಇಬ್ನು ಅಬೀ ಮುಲೈಕಾ ಹೇಳಿದ್ದನ್ನು ಬುಖಾರಿ ದಾಖಲಿಸಿದ್ದಾರೆ.

ಮಾತಾಡಿದರೆ ಸುಳ್ಳು, ವಾಗ್ದಾನ ಮಾಡಿದರೆ ಭಂಗ, ನಂಬಿ ಕೊಟ್ಟರೆ ವಂಚನೆ. ಕಪಟದ ಈ ಮೂರು ಕುರುಹುಗಳನ್ನು ಹದೀಸಿನಲ್ಲಿ ಓದುತ್ತೇವೆ. ಅವುಗಳನ್ನು ಹಿಡಿದುಕೊಂಡು ಇನ್ನೊಬ್ಬರ ವಿಡಿಯೋಗಳನ್ನು ಹುಡುಕುವ ಮೊದಲು, ಇಂದು ಅಂಗಡಿಯಲ್ಲಿ ಗಿರಾಕಿಗೆ ಹೇಳಿದ ಮಾತು, ಕೆಲಸದಾಳಿಗೆ ಕೊಡುತ್ತೇನೆಂದ ಕೂಲಿ, ಪಕ್ಕದ ಮನೆಯವರು ಇಟ್ಟುಹೋದ ಕೀಲಿಕೈ, ಇವುಗಳ ವಿಷಯದಲ್ಲಿ ನಾವು ಹೇಗೆ ನಡೆದುಕೊಂಡೆವೆಂದು ನೋಡಿಕೊಳ್ಳೋಣ. ಶಂಕೆಗೆ ತಕ್ಕ ಜಾಗ ನಮ್ಮ ಎದೆಯೇ.

ಮಕ್ಕಳು ಇನ್ನೊಮ್ಮೆ ‘ಅವನು ನಿಜವಾಗಿ ಮುಸ್ಲಿಮನೇ’ ಎಂದು ಕೇಳಿದಾಗ ಹೀಗೆ ಹೇಳಿರಿ: ಅವನು ತಾನು ಮುಸ್ಲಿಮನೆಂದು ಹೇಳಿದ್ದಾನೆ, ಅವನ ಸಲಾಮಿಗೆ ನಾವು ಸಲಾಮ್ ಹೇಳೋಣ, ಒಳಗಿನದು ಅಲ್ಲಾಹನಿಗೆ ಗೊತ್ತು. ಅವನ ಹೆಸರಿನಲ್ಲಿ ಬಂದ ಸುದ್ದಿಯನ್ನು ತಿಳಿದುಕೊಳ್ಳದೆ ಯಾರಿಗೂ ಕಳುಹಿಸುವುದು ಬೇಡ. ದೀನ್ ಕಲಿಯಬೇಕಾದರೆ ಬಲ್ಲವರನ್ನು ಕೇಳೋಣ ಬಾ.

ಅಲ್ಲಾಹನು ನಮ್ಮ ನಾಲಿಗೆ ಮತ್ತು ಬೆರಳುಗಳನ್ನು ಅನ್ಯರ ಮಾನಹಾನಿಯಿಂದ ಕಾಪಾಡಲಿ. ನಮ್ಮ ಹೃದಯಗಳಲ್ಲಿ ಈಮಾನನ್ನು ಸ್ಥಿರಗೊಳಿಸಲಿ. ಆಮೀನ್.